ಭೂಕಂಪನ ಸರಣಿಗಳ ದಾಖಲಾತಿ ಮತ್ತು ಪಟ್ಟಿ: ನಾಗರಿಕರಿಗೆ ಅದರ ಮಹತ್ವ

ಹಿನ್ನೆಲೆ

2022ರ ಜೂನ್ 23ರ ಬೆಳಗಿನ ಜಾವ ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ 3.4 ಪರಿಮಾಣದ ಭೂಕಂಪನ ದಾಖಲಾಯಿತು. ಜೂನ್ 25ರಂದು ಕೊಡಗು–ದಕ್ಷಿಣ ಕನ್ನಡ ಗಡಿಯಲ್ಲಿ 2.3, ಜೂನ್ 28ರ ಬೆಳಿಗ್ಗೆ ಮಡಿಕೇರಿ ತಾಲ್ಲೂಕಿನ ಚೆಂಬು ಗ್ರಾಮದ ಸಮೀಪ 3.0 ಮತ್ತು ಅದೇ ದಿನ ಸಂಜೆ 1.8 ಪರಿಮಾಣದ ಕಂಪನಗಳು ಸಂಭವಿಸಿದವು. ಜುಲೈ ತಿಂಗಳಲ್ಲಿಯೂ ಸಣ್ಣ ಕಂಪನಗಳು ಮುಂದುವರಿದವು. ಇದಕ್ಕೆ ಮುನ್ನ, 2021ರ ಅಕ್ಟೋಬರ್‌ನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರ ಪರಿಸರದಲ್ಲಿ ಇಂತಹುದೇ ಸರಣಿ ಕಾಣಿಸಿಕೊಂಡು, ಗ್ರಾಮಸ್ಥರು ರಾತ್ರಿಗಳನ್ನು ಮನೆಯ ಹೊರಗೆ ಕಳೆಯುವಂತಾಗಿತ್ತು.

ಇಂತಹ ಕಂಪನಗಳನ್ನು ದಾಖಲಿಸಿ ಪಟ್ಟಿ ಮಾಡುವ ಕ್ರಮವನ್ನೂ, ಆ ಪಟ್ಟಿಯಿಂದ ನಾಗರಿಕರಿಗೆ ಆಗುವ ಪ್ರಯೋಜನವನ್ನೂ ಇಲ್ಲಿ ವಿವರಿಸಲಾಗಿದೆ.

ದಾಖಲಿಸುವ ಕ್ರಮ

ಭೂಕಂಪನಮಾಪಕವು ಮೊದಲು ವೇಗದ ಪ್ರಾಥಮಿಕ ಅಲೆಯನ್ನೂ, ಬಳಿಕ ನಿಧಾನವಾದ ದ್ವಿತೀಯಕ ಅಲೆಯನ್ನೂ ಗುರುತಿಸುತ್ತದೆ. ಇವೆರಡರ ನಡುವಿನ ಪ್ರತಿ ಸೆಕೆಂಡಿಗೆ ಸುಮಾರು 8 ಕಿ.ಮೀ. ದೂರವೆಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. 5 ಸೆಕೆಂಡುಗಳ ಅಂತರವಿದ್ದರೆ ಕಂಪನ ಸುಮಾರು 40 ಕಿ.ಮೀ. ದೂರದಲ್ಲಿ ಆಗಿದೆ ಎಂದರ್ಥ. ಕನಿಷ್ಠ ಮೂರು ಕೇಂದ್ರಗಳ ದೂರಗಳನ್ನು ಹೋಲಿಸಿದಾಗ ಕೇಂದ್ರಬಿಂದು ತಿಳಿಯುತ್ತದೆ. ಆಳವನ್ನು ಖಚಿತಪಡಿಸಲು ಸಮೀಪದಲ್ಲಿಯೇ ಮಾಪಕಗಳಿರಬೇಕು.

ಪಟ್ಟಿಯ ಪ್ರತಿ ನಮೂದಿನಲ್ಲಿ ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ, ಆಳ ಹಾಗೂ ಪರಿಮಾಣ ಇರುತ್ತವೆ. ಅಂತರರಾಷ್ಟ್ರೀಯ ಪಟ್ಟಿಗಳು ಬಳಸುವ ವಿಶ್ವ ಸಮಯಕ್ಕಿಂತ ಭಾರತೀಯ ಕಾಲಮಾನ 5 ಗಂಟೆ 30 ನಿಮಿಷ ಮುಂದಿರುವುದರಿಂದ, ಬೆಳಗಿನ ಜಾವದ ಕಂಪನ ಅಲ್ಲಿ ಹಿಂದಿನ ದಿನಾಂಕದಲ್ಲಿ ಕಾಣಬಹುದು. ಕಲ್ಲುಗಣಿಯ ಸ್ಫೋಟಗಳನ್ನು ಪ್ರತ್ಯೇಕಿಸುವುದೂ ಈ ಕಾರ್ಯದ ಭಾಗವೇ ಆಗಿದೆ.

ಎರಡು ಸಂಸ್ಥೆಗಳು ಒಂದೇ ಕಂಪನಕ್ಕೆ ಭಿನ್ನ ಅಂಕಿ ನೀಡುವುದುಂಟು. ಬಳಸಿದ ಮಾಪಕಗಳು ಮತ್ತು ಲೆಕ್ಕದ ವಿಧಾನ ಬೇರೆಯಾಗಿರುವುದೇ ಇದಕ್ಕೆ ಕಾರಣ. ಮೊದಲ ಪ್ರಕಟಣೆ ತಾತ್ಕಾಲಿಕವಾಗಿದ್ದು, ಪರಿಷ್ಕರಣೆಯ ನಂತರ ಬದಲಾಗಬಹುದು.

ಪೂರ್ವಕಂಪನ, ಮುಖ್ಯಕಂಪನ, ಪಶ್ಚಾತ್ ಕಂಪನ

ಈ ಹೆಸರುಗಳನ್ನು ಸರಣಿ ಮುಗಿದ ಮೇಲೆ ಮಾತ್ರ ನಿಶ್ಚಯವಾಗಿ ಕೊಡಲು ಸಾಧ್ಯ. ಜೂನ್ 25ರ 2.3 ಪರಿಮಾಣದ ಕಂಪನವು ಆ ಪ್ರದೇಶಕ್ಕೆ ಅಂದು ಮುಖ್ಯವೆನಿಸಿತ್ತು. ಜೂನ್ 28ರ ಕಂಪನದ ಬಳಿಕ ಅದು ಪೂರ್ವಕಂಪನದ ಸ್ಥಾನಕ್ಕಿಳಿಯಿತು. ಹೊಳೆನರಸೀಪುರದ ಕಂಪನವು ಕಾಲದಲ್ಲಿ ಹತ್ತಿರವಾದರೂ ಹಲವು ಹತ್ತು ಕಿ.ಮೀ. ದೂರದ್ದು. ಇಷ್ಟು ಸಣ್ಣ ಕಂಪನದ ಪಶ್ಚಾತ್ ಕಂಪನಗಳು ಅದರ ಸಮೀಪದಲ್ಲಿಯೇ ಆಗುವುದರಿಂದ ಚೆಂಬು ಕಂಪನಗಳನ್ನು ಅದರ ಪರಿಣಾಮವೆಂದು ಎಣಿಸುವುದು ಸೂಕ್ತವಲ್ಲ.

ಪಶ್ಚಾತ್ ಕಂಪನಗಳು ದಿನ ಕಳೆದಂತೆ ವಿರಳವಾಗುತ್ತವೆ ಎಂಬ ನಿಯಮವನ್ನು ಜಪಾನಿನ ವಿಜ್ಞಾನಿ ಒಮೊರಿ 1894ರಲ್ಲಿ ನಿರೂಪಿಸಿದರು. ಎಣಿಕೆಯು ಈ ನಿಯಮದಂತೆ ಇಳಿಯುತ್ತಿದೆಯೇ ಎಂಬುದನ್ನು ನಿಖರವಾದ ಪಟ್ಟಿಯಿಂದಲೇ ತಿಳಿಯಬೇಕು. ಬಹುತೇಕ ಸಣ್ಣ ಸರಣಿಗಳು ಹಾನಿಯಿಲ್ಲದೆ ಶಮನಗೊಳ್ಳುತ್ತವೆ. ಆದರೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1992ರಲ್ಲಿ ಸಣ್ಣ ಕಂಪನಗಳು ಕಾಣಿಸಿಕೊಂಡು, 1993ರ ಸೆಪ್ಟೆಂಬರ್ 30ರಂದು 6.2 ಪರಿಮಾಣದ ಭೂಕಂಪ ಸಾವಿರಾರು ಜನರನ್ನು ಬಲಿ ಪಡೆಯಿತು. ಯಾವ ಸರಣಿ ಹೇಗೆ ಮುಗಿಯುವುದೆಂದು ಮುಂಚಿತವಾಗಿ ಹೇಳುವ ವಿಧಾನ ಇಂದಿಗೂ ಇಲ್ಲ. ಆದುದರಿಂದ ವದಂತಿಗೂ ಉದಾಸೀನಕ್ಕೂ ಎಡೆಗೊಡದೆ, ಕಟ್ಟಡಗಳ ಭದ್ರತೆಗೆ ಗಮನ ಕೊಡುವುದು ಅಗತ್ಯ.

ಅರ್ಜಿದಾರರ ಗಮನಕ್ಕೆ

1. ವಿಪತ್ತು ಪರಿಹಾರ ನಿಧಿಯ ನಿಯಮಗಳಲ್ಲಿ ಭೂಕಂಪವು ಅಧಿಸೂಚಿತ ವಿಪತ್ತಾಗಿದೆ. ಮನೆ ಹಾನಿಯ ಅರ್ಜಿಯಲ್ಲಿ ಕಂಪನದ ದಿನಾಂಕ, ಸಮಯ ಮತ್ತು ಗ್ರಾಮದ ಹೆಸರನ್ನು ಸ್ಪಷ್ಟವಾಗಿ ನಮೂದಿಸುವುದು ಉಚಿತ.

2. ಪಟ್ಟಿಯಲ್ಲಿ ಕಂಪನವಿದ್ದ ಮಾತ್ರಕ್ಕೆ ಹಾನಿ ಸಾಬೀತಾಗುವುದಿಲ್ಲ. ಮಳೆಗಾಲದಲ್ಲಿ ತೇವದಿಂದಲೂ ಗೋಡೆ ಬಿರುಕು ಬಿಡುವುದುಂಟು. ಆದಕಾರಣ ಬಿರುಕು ಕಂಡ ಕೂಡಲೇ ದಿನಾಂಕಸಹಿತ ಛಾಯಾಚಿತ್ರ ತೆಗೆದಿರಿಸಿ, ಸ್ಥಳ ಪರಿಶೀಲನೆಗಾಗಿ ಗ್ರಾಮ ಆಡಳಿತಾಧಿಕಾರಿಗೆ ಅಥವಾ ತಾಲ್ಲೂಕು ಕಚೇರಿಗೆ ತಿಳಿಸುವುದು ಒಳಿತು.

3. ಪರಿಮಾಣವು ಕಂಪನದ ಗಾತ್ರವನ್ನೂ, ತೀವ್ರತೆಯು ಒಂದು ಸ್ಥಳದಲ್ಲಿ ಅದರ ಪರಿಣಾಮವನ್ನೂ ಸೂಚಿಸುತ್ತವೆ. ಪಾತ್ರೆ ಅಲುಗಿದ್ದು, ಭೂಮಿಯೊಳಗಿನ ಶಬ್ದ ಕೇಳಿದ್ದು ಮುಂತಾದ ವಿವರಗಳು ತೀವ್ರತೆಯನ್ನು ಅಳೆಯಲು ನೆರವಾಗುತ್ತವೆ.

4. ಕಂಪನದ ಮಾಹಿತಿಯನ್ನು ಬೆಂಗಳೂರಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹಾಗೂ ನವದೆಹಲಿಯ ರಾಷ್ಟ್ರೀಯ ಭೂಕಂಪನ ವಿಜ್ಞಾನ ಕೇಂದ್ರಗಳು ಪ್ರಕಟಿಸುತ್ತವೆ. ಪ್ರಕಟವಾಗದ ದಾಖಲೆಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಬಹುದು.

ಕಂಪನವನ್ನು ತಡೆಯಲಾಗದಿದ್ದರೂ ಅದರ ದಾಖಲೆಯನ್ನು ಸರಿಯಾಗಿ ಉಳಿಸಿಕೊಳ್ಳಬಹುದು. ಇಂದಿನ ಸಣ್ಣ ಕಂಪನಗಳ ಪಟ್ಟಿಯೇ ನಾಳೆ ಆ ಪ್ರದೇಶದ ಶಾಲೆ, ಸೇತುವೆ ಮತ್ತು ಮನೆಗಳ ವಿನ್ಯಾಸಕ್ಕೆ ಆಧಾರವಾಗುತ್ತದೆ.