ಪ್ರೋತ್ಸಾಹಧನವೂ ರೋಗಿಯ ಕಡತವೂ

ರೋಗಿಯು ಇಂದು ಒಂದು ಆಸ್ಪತ್ರೆಗೆ, ನಾಳೆ ಮತ್ತೊಂದಕ್ಕೆ ಹೋಗುವುದು ಲೋಕರೂಢಿ. ಆತನಿಗೆ ಯಾವ ಔಷಧ ಒಗ್ಗದೆಂಬುದು ಎರಡನೆಯ ವೈದ್ಯರಿಗೆ ತಿಳಿಯದಿದ್ದರೆ ಪ್ರಾಣಕ್ಕೇ ಸಂಚಕಾರ ಒದಗಬಹುದು. ರೋಗಿಯ ವಿವರಗಳನ್ನು ಗಣಕಯಂತ್ರದಲ್ಲಿ ದಾಖಲಿಸುವ ಪದ್ಧತಿಯ ಮಹತ್ತ್ವವಿರುವುದು ಇಲ್ಲಿಯೇ. ಆದರೆ ಒಳಿತೆಂದು ತಿಳಿದ ಮಾತ್ರಕ್ಕೆ ಸಂಸ್ಥೆಗಳು ಅದನ್ನು ಆಚರಣೆಗೆ ತರುವುವೇ? ಅಮೆರಿಕದ ಅನುಭವವು ಇದಕ್ಕೆ ಉತ್ತರವೀಯುತ್ತದೆ.

2008ರಲ್ಲಿ ಆ ಶ್ರೀಮಂತ ರಾಷ್ಟ್ರದಲ್ಲಿಯೂ ನೂರಕ್ಕೆ ಸುಮಾರು 9 ಆಸ್ಪತ್ರೆಗಳು ಮಾತ್ರ ಇಂಥ ಪ್ರಾಥಮಿಕ ವ್ಯವಸ್ಥೆಯನ್ನು ಹೊಂದಿದ್ದವು. ವೆಚ್ಚವನ್ನು ಹೊರುವುದು ಆಸ್ಪತ್ರೆ. ಅನಗತ್ಯ ಪರೀಕ್ಷೆಗಳು ತಪ್ಪಿದುದರ ಉಳಿತಾಯ ಬಹುಪಾಲು ವಿಮಾದಾರರಿಗೆ. ಹೀಗಿರುವಾಗ ಉತ್ಸಾಹವೆಲ್ಲಿಯದು? 2009ರ ಫೆಬ್ರವರಿಯಲ್ಲಿ ಅಧ್ಯಕ್ಷ ಒಬಾಮಾ ಅವರು ಅಂಕಿತ ಹಾಕಿದ 'ಹೈಟೆಕ್' ಕಾಯಿದೆಯು ಈ ಕೊರತೆಯನ್ನು ತುಂಬಲು ಯತ್ನಿಸಿತು. ದಾಖಲೆಗಳ ಅರ್ಥಪೂರ್ಣ ಬಳಕೆಯನ್ನು ತೋರಿದವರಿಗೆ ಮೆಡಿಕೇರ್, ಮೆಡಿಕೇಡ್ ಎಂಬ ಸರ್ಕಾರಿ ಯೋಜನೆಗಳ ಮೂಲಕ 2011ರಿಂದ ಪ್ರೋತ್ಸಾಹಧನ ದೊರೆಯಿತು. ತೋರದವರಿಗೆ 2015ರಿಂದ ಮೆಡಿಕೇರ್ ಪಾವತಿಯಲ್ಲಿ ಕಡಿತ ಬಂದಿತು. ಆ ವರ್ಷದ ವೇಳೆಗೆ 9 ಇದ್ದುದು ಸುಮಾರು 84ಕ್ಕೆ ಏರಿತ್ತು.

ಇದು ಕೇವಲ ಕಾಲಪ್ರವಾಹದ ಫಲವಲ್ಲ. ಮಾನಸಿಕ ಚಿಕಿತ್ಸಾಲಯಗಳು, ದೀರ್ಘಕಾಲಿಕ ಆರೈಕೆಯ ಆಸ್ಪತ್ರೆಗಳು ಮೊದಲಾದವು ಈ ಧನಕ್ಕೆ ಅರ್ಹವಾಗಿರಲಿಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅರ್ಹ ಆಸ್ಪತ್ರೆಗಳಲ್ಲಿ ಅಳವಡಿಕೆಯ ವಾರ್ಷಿಕ ಏರಿಕೆ ಶೇಕಡಾ 3.2ರಿಂದ 14.2ಕ್ಕೆ ಹೆಚ್ಚಿತು; ಅನರ್ಹವಾದವುಗಳಲ್ಲಿ 0.1ರಿಂದ 3.3ಕ್ಕೆ ಮಾತ್ರ.

ಆದರೆ ಧನವು ಯಾವುದನ್ನು ಎಣಿಸುವುದೋ ಅದೇ ಬೆಳೆಯುತ್ತದೆ. ಆರಂಭದಲ್ಲಿ ಒತ್ತು ಬಿದ್ದುದು ದಾಖಲಿಸುವುದಕ್ಕೆ. ದಾಖಲೆಯನ್ನು ಪರಸ್ಪರ ಹಂಚಿಕೊಳ್ಳುವುದಕ್ಕೆ ಬಿದ್ದುದು ಅಲ್ಪ. ಒಂದು ಆಸ್ಪತ್ರೆಯ ಯಂತ್ರ ಬರೆದುದನ್ನು ಇನ್ನೊಂದರ ಯಂತ್ರ ಓದಲಾರದೆ ಹೋಯಿತು. ವೈದ್ಯರ ದೃಷ್ಟಿ ರೋಗಿಯ ಮುಖದಿಂದ ಪರದೆಯತ್ತ ಸರಿಯಿತೆಂಬ ದೂರೂ ಎದ್ದಿತು. ಮಾಹಿತಿಯನ್ನು ತಡೆಹಿಡಿಯುವುದನ್ನು ನಿಷೇಧಿಸಲು 2016ರಲ್ಲಿ ಮತ್ತೊಂದು ಕಾಯಿದೆಯೇ ಬೇಕಾಯಿತು.

ಈ ಪಾಠ ನಮಗೂ ಸಲ್ಲುತ್ತದೆ. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ರಾಷ್ಟ್ರವ್ಯಾಪಿಯಾಗಿ ಆರಂಭವಾಯಿತು. ಅದರಡಿಯಲ್ಲಿ 2023ರ ಜನವರಿಯಿಂದ, ನಿಗದಿತ ಸಂಖ್ಯೆಯನ್ನು ಮೀರಿದ ಪ್ರತಿಯೊಂದು ದಾಖಲೆ ವ್ಯವಹಾರಕ್ಕೂ ಆಸ್ಪತ್ರೆಗಳಿಗೆ 20 ರೂಪಾಯಿ ಪ್ರೋತ್ಸಾಹಧನವನ್ನು ಕೇಂದ್ರ ಸರ್ಕಾರ ಗೊತ್ತುಪಡಿಸಿತು. ಸಂಖ್ಯೆ ಹೆಚ್ಚಿದರಷ್ಟೇ ಸಾಲದು. ಹುಬ್ಬಳ್ಳಿಯಲ್ಲಿ ಬರೆದುದು ಬೆಂಗಳೂರಿನ ವೈದ್ಯರ ಕಣ್ಣಿಗೆ ಸಕಾಲದಲ್ಲಿ ಬೀಳಬೇಕು. ಅಲ್ಲಿಯವರೆಗೆ ಗೃಹಸ್ಥರು ಬಿಡುಗಡೆಯ ಪತ್ರವನ್ನೂ ಔಷಧದ ಚೀಟಿಯನ್ನೂ ಜೋಪಾನವಾಗಿ ಇರಿಸಿಕೊಳ್ಳುವುದೇ ಕ್ಷೇಮ.