ಕಲ್ಪಿತಲೋಕದ ಕೋಶಕ್ಕೆ ಕೆಲವು ಕಟ್ಟಳೆಗಳು

ಕಥೆಯನ್ನು ಓದಿ ಸಂತೋಷಪಟ್ಟು ಮರೆಯುವವರು ಲೋಕದಲ್ಲಿ ಬಹುಮಂದಿ. ಓದಿದ ಕಥೆಯ ಊರು, ಕುಲ, ಆಯುಧ, ವಂಶಾವಳಿಗಳನ್ನೆಲ್ಲಾ ಕಲೆಹಾಕಿ ಬರೆದಿಡದೆ ನಿದ್ರೆ ಬಾರದವರು ಕೆಲವರು. ಈ ಎರಡನೆಯ ವರ್ಗದವರು ನಮ್ಮ ನಾಡಿಗೆ ಹೊಸಬರೇನೂ ಅಲ್ಲ. ಬೆನಗಲ್ ರಾಮರಾಯರೂ ಪಾನ್ಯಂ ಸುಂದರಶಾಸ್ತ್ರಿಗಳೂ ಕೂಡಿ ರಚಿಸಿದ ‘ಪುರಾಣನಾಮಚೂಡಾಮಣಿ’ಯು ಅಂತಹ ಶ್ರದ್ಧೆಯ ಫಲವೇ ಆಗಿರುತ್ತದೆ. ಈಗಿನ ತರುಣರು ಇದೇ ಕೆಲಸವನ್ನು ಅದ್ಭುತಕಥೆಗಳ ವಿಷಯದಲ್ಲಿ, ಹತ್ತಾರು ಮಂದಿ ಒಟ್ಟುಗೂಡಿ, ಗಣಕಯಂತ್ರದಲ್ಲಿ ನಡೆಯಿಸುತ್ತಿದ್ದಾರೆ. ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಇಂತಹ ಕೋಶಕ್ಕೆ ವಿಕಿ ಎಂದು ಹೆಸರು. 2001ರಲ್ಲಿ ಹುಟ್ಟಿ 2003ರಲ್ಲಿ ಕನ್ನಡಕ್ಕೂ ಬಂದ ವಿಕಿಪೀಡಿಯವನ್ನು ವಾಚಕರು ಬಲ್ಲರಷ್ಟೆ.

ನಮ್ಮ ತುರುವೇಕೆರೆಯ ಸೀಮೆಯ ಕೆಲವು ಮಕ್ಕಳು ಟೋಲ್ಕಿನ್ ಎಂಬ ಆಂಗ್ಲ ವಿದ್ವಾಂಸನ ಕಥೆಗಳ ವಿಷಯವಾಗಿ ಕನ್ನಡದಲ್ಲಿ ಇಂತಹ ಕೋಶವೊಂದನ್ನು ಕಟ್ಟತೊಡಗಿದರು. ಮೂರು ತಿಂಗಳಲ್ಲೇ ಜಗಳ ಹತ್ತಿತು. ಆ ಕಥೆಯಲ್ಲಿ ಗಣಿಯೊಳಗೆ ಎದುರಾಗುವ ಬಾಲ್ರಾಗ್ ಎಂಬ ಅಗ್ನಿರಾಕ್ಷಸನಿಗೆ ರೆಕ್ಕೆಗಳುಂಟೇ ಇಲ್ಲವೇ ಎಂಬುದೇ ವಿವಾದ. ‘ಗ್ರಂಥದಿಂದ ನಿಶ್ಚಯವಾಗುವುದಿಲ್ಲ’ ಎಂದು ಒಬ್ಬ ಹುಡುಗಿ ಬರೆದುದನ್ನು ಮತ್ತೊಬ್ಬನು ರಾತ್ರೋರಾತ್ರಿ ಅಳಿಸಿ, ಚಲಚ್ಚಿತ್ರದಲ್ಲಿ ಕಂಡಂತೆ ‘ರೆಕ್ಕೆಗಳುಂಟು’ ಎಂದು ಬರೆದನು. ಎಲ್ಲರಿಗಿಂತ ಹೆಚ್ಚು ದುಡಿದಿದ್ದ ಆಕೆ ಬರೆಯುವುದನ್ನೇ ಬಿಟ್ಟಳು. ಬಾಲ್ಯದ ಸ್ನೇಹಿತರಲ್ಲಿ ಮಾತು ನಿಂತಿತು. ಉಳಿದವರು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ನಾಲ್ಕು ಕಟ್ಟಳೆ ಬರೆದುಕೊಡಿ” ಎಂದರು. ಅವರಿಗೆ ಹೇಳಿದುದು ಇತರ ಮನೆಗಳಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇವೆ.

ಮೊದಲನೆಯ ಕಟ್ಟಳೆ: ಯಾವ ಮಾತನ್ನು ಬರೆದರೂ ಅದು ಯಾವ ಗ್ರಂಥದ್ದೆಂದು ಹೇಳತಕ್ಕದ್ದು. 941ರ ಪಂಪಭಾರತದಲ್ಲಿ ದ್ರೌಪದಿಯು ಅರ್ಜುನನೊಬ್ಬನ ಪತ್ನಿ. ಗದುಗಿನ ನಾರಣಪ್ಪನ ಭಾರತದಲ್ಲಿ ಐವರ ಪತ್ನಿ. ಗ್ರಂಥದ ಹೆಸರನ್ನು ಹೇಳದೆ ಯಾವುದೊಂದನ್ನು ಬರೆದರೂ ಇಬ್ಬರು ಮಹಾಕವಿಗಳಲ್ಲಿ ಒಬ್ಬನನ್ನು ಸುಳ್ಳುಗಾರನನ್ನಾಗಿ ಮಾಡಿದಂತಾಗುವುದು. ನಮ್ಮ ಹೆಂಗಸರೆಲ್ಲ ಬಲ್ಲ ಚಂದ್ರಹಾಸನ ಕಥೆ ಜೈಮಿನಿಭಾರತದ್ದೇ ಹೊರತು ವ್ಯಾಸಭಾರತದ್ದಲ್ಲ. ಟೋಲ್ಕಿನ್ನನಲ್ಲಿಯೂ ಹಾಗೆಯೇ. 1937ರಲ್ಲಿ ಅಚ್ಚಾದ ‘ಹಾಬಿಟ್’ ಕಥೆಯಲ್ಲಿ ಗಾಲಮ್ ಎಂಬವನು ಒಗಟಿನ ಪಂದ್ಯದಲ್ಲಿ ಸೋತರೆ ಉಂಗುರವನ್ನೇ ಬಹುಮಾನವಾಗಿ ಕೊಡುವೆನೆಂದು ಒಪ್ಪಿರುತ್ತಾನೆ. ಮುಂದಿನ ದೊಡ್ಡ ಕಥೆಗೆ ಹೊಂದುವಂತೆ ಗ್ರಂಥಕರ್ತನೇ ಆ ಅಧ್ಯಾಯವನ್ನು ತಿದ್ದಿ 1951ರಲ್ಲಿ ಬೇರೆಯಾಗಿ ಅಚ್ಚುಹಾಕಿಸಿದನು. ಆದುದರಿಂದ ಗ್ರಂಥದ ಹೆಸರಿನೊಡನೆ ಮುದ್ರಣದ ವರ್ಷವೂ ಇರಬೇಕು. 2001ರ ಚಲಚ್ಚಿತ್ರಕ್ಕೆ ಪ್ರತ್ಯೇಕವಾದ ತಲೆಬರಹ ಇರಬೇಕು.

ಎರಡನೆಯ ಕಟ್ಟಳೆ: ಉಪಮಾನವನ್ನು ವೃತ್ತಾಂತವೆಂದು ಬರೆಯಕೂಡದು. ಆ ರಾಕ್ಷಸನ ಸುತ್ತಲಿನ ನೆರಳು ಎರಡು ಮಹಾ ರೆಕ್ಕೆಗಳಂತೆ ಚಾಚಿತು ಎಂದು ಗ್ರಂಥವು ಮೊದಲು ಹೇಳುತ್ತದೆ. ಸ್ವಲ್ಪ ಮುಂದೆ, ಅದರ ರೆಕ್ಕೆಗಳು ಗೋಡೆಯಿಂದ ಗೋಡೆಗೆ ಹರಡಿದವು ಎನ್ನುತ್ತದೆ. ಮೊದಲನೆಯದು ಉಪಮೆ, ಎರಡನೆಯದರಲ್ಲಿ ‘ಅಂತೆ’ ಎಂಬುದು ಬಿದ್ದುಹೋಗಿದೆ. ಮುಖವು ಚಂದ್ರನಂತಿದೆ ಎಂದ ಕವಿಯು ಮುಂದಿನ ಸಾಲಿನಲ್ಲಿ ಮುಖಚಂದ್ರ ಎಂದರೆ ನಾವು ಆ ಮುಖದಲ್ಲಿ ಮೊಲವನ್ನು ಹುಡುಕುವುದಿಲ್ಲ, ಅದನ್ನು ರೂಪಕವೆನ್ನುತ್ತೇವೆ. ಇಲ್ಲಿಯೂ ರೂಪಕವೇ ಎಂದು ಒಬ್ಬನು ವಾದಿಸಬಹುದು. ನೇರವಾದ ಮಾತೇ ಎಂದು ಇನ್ನೊಬ್ಬನೂ ವಾದಿಸಬಹುದು. ಹೀಗಿರುವಲ್ಲಿ ಕೋಶಕಾರನು ಎರಡು ಸ್ಥಳಗಳನ್ನೂ ಕ್ರಮವಾಗಿ ತೋರಿಸಿ ಸುಮ್ಮನಾಗತಕ್ಕದ್ದು. ಕವಿಯು ಕೊಡದ ತೀರ್ಪನ್ನು ಕೊಡುವ ಅಧಿಕಾರ ಅವನಿಗಿಲ್ಲ.

ಮೂರನೆಯದು: ಪ್ರಮಾಣಗಳಿಗೆ ತಾರತಮ್ಯವಿರಬೇಕು. ನಮ್ಮ ಮೀಮಾಂಸಕರು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂದು ಆರನ್ನು ಎಣಿಸಿ, ಅವು ಒಂದಕ್ಕೊಂದು ವಿರೋಧಿಸಿದರೆ ಹಿಂದಿನದಕ್ಕಿಂತ ಮುಂದಿನದು ದುರ್ಬಲವೆಂದು ಜಗಳ ಹುಟ್ಟುವುದಕ್ಕೆ ಮುಂಚೆಯೇ ನಿಶ್ಚಯಿಸಿಟ್ಟರು. ಈ ಮಕ್ಕಳಿಗೂ ನಾವು ಒಂದು ಶ್ರೇಣಿಯನ್ನು ಮಾಡಿಕೊಟ್ಟೆವು. ಗ್ರಂಥಕರ್ತನು ತಾನೇ ಅಚ್ಚುಹಾಕಿಸಿದುದು ಮೊದಲು, 1973ರಲ್ಲಿ ಅವನು ತೀರಿಕೊಂಡ ಮೇಲೆ ಮಗನು ಸಂಪಾದಿಸಿ 1977ರಲ್ಲಿ ಹೊರತಂದ ‘ಸಿಲ್ಮರಿಲಿಯನ್’ ಮುಂತಾದುವು ಎರಡನೆಯವು, ಅವನ ಕಾಗದಗಳು ಮೂರನೆಯವು, ಚಲಚ್ಚಿತ್ರವು ಕೊನೆಯದು. ಓದುಗನ ಊಹೆಗೆ ಈ ಪಂಕ್ತಿಯಲ್ಲಿ ಎಲೆಯೇ ಇಲ್ಲ.

ನಾಲ್ಕನೆಯ ಕಟ್ಟಳೆಯೇ ಎಲ್ಲಕ್ಕಿಂತ ದೊಡ್ಡದು: ಇನ್ನೊಬ್ಬರು ಬರೆದುದನ್ನು ಹೇಳದೆ ಅಳಿಸಕೂಡದು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಂಡಿತರು 1919ರಿಂದ 1966ರ ವರೆಗೆ ದುಡಿದು ಮಹಾಭಾರತದ ಪಾಠವನ್ನು ಶೋಧಿಸಿದರು. ಪ್ರಕ್ಷಿಪ್ತವೆಂದು ಕಂಡ ಶ್ಲೋಕಗಳನ್ನು ಅವರು ಎಸೆಯಲಿಲ್ಲ. ಪುಟದ ಕೆಳಗೂ ಅನುಬಂಧದಲ್ಲಿಯೂ ಅಚ್ಚುಹಾಕಿ, ಮುಂದಿನವರು ತಾವೇ ನೋಡಿ ತಿಳಿಯಲೆಂದು ಬಿಟ್ಟರು. ವಿಕಿಯಲ್ಲಿ ಹಳೆಯ ಪಾಠವು ‘ಇತಿಹಾಸ’ವೆಂಬ ಪುಟದಲ್ಲಿ ಉಳಿದೇ ಇರುತ್ತದೆ, ನಷ್ಟವೇನೆಂದು ಅಳಿಸಿದ ಹುಡುಗನು ಕೇಳಿದನು. ಅಕ್ಷರಕ್ಕೆ ನಷ್ಟವಿಲ್ಲ, ನಿಜ. ಬರೆದವಳ ಮನಸ್ಸಿಗೆ ಅಂತಹ ಪುಟವಿಲ್ಲವಷ್ಟೆ! ಆದುದರಿಂದ ತಿದ್ದುವವನು ಮೊದಲು ಚರ್ಚೆಯ ಪುಟದಲ್ಲಿ ಕಾರಣವನ್ನು ಬರೆದು, ಮೂರು ದಿನ ಕಾದು, ಉತ್ತರವನ್ನು ಓದಿದ ಮೇಲೆ ಕೈಹಾಕತಕ್ಕದ್ದು. ನಮ್ಮ ಸೀಮೆಯಲ್ಲಿ ಕೊಬ್ಬರಿಗೆಂದು ಇಟ್ಟ ಕಾಯಿಯನ್ನು ಸಿಪ್ಪೆಸಹಿತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ನೀರು ಆರಿ, ಗಿಟುಕು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಸದ್ದು ಬರುವ ತನಕ ಒಡೆಯುವುದಿಲ್ಲ. ಅವಸರಪಟ್ಟವನಿಗೆ ಹಸಿಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ. ಒಂದು ವರ್ಷ ಕಾಯಬಲ್ಲ ಮನೆಗಳಲ್ಲಿ ಹುಟ್ಟಿದವರಿಗೆ ಮೂರು ದಿನ ಹೆಚ್ಚಾದೀತೇ?

ಐದನೆಯದು: ವಿಷಯವು ಗ್ರಂಥದ್ದಾದರೂ ವಾಕ್ಯವು ನಿಮ್ಮದಾಗಿರಲಿ. ಹ್ಯಾರಿ ಪಾಟರ್ ಕಥೆಗಳ ಅಭಿಮಾನಿಯೊಬ್ಬನು ಕಟ್ಟಿದ ಕೋಶವನ್ನು ಪುಸ್ತಕವಾಗಿ ಅಚ್ಚುಹಾಕಿಸಲು ಹೊರಟಾಗ, ಕಥೆಗಾರ್ತಿಯಾದ ರೌಲಿಂಗ್ ನ್ಯಾಯಾಲಯಕ್ಕೆ ಹೋದಳು. ಇಂತಹ ಕೋಶಗಳಿಂದ ಓದುಗರಿಗೆ ಉಪಕಾರವುಂಟು, ಆದರೆ ಈ ಕೋಶವು ಆಕೆಯ ಮಾತುಗಳನ್ನೇ ಮಿತಿಮೀರಿ ಎತ್ತಿಕೊಂಡಿದೆ ಎಂದು 2008ರಲ್ಲಿ ನ್ಯೂಯಾರ್ಕಿನ ನ್ಯಾಯಾಧೀಶರು ತೀರ್ಪಿತ್ತು ಅಚ್ಚನ್ನು ತಡೆದರು. ತಿದ್ದಿ ಬರೆದ ಪುಸ್ತಕವು 2009ರಲ್ಲಿ ಹೊರಬಂದಿತು.

ಪರದೇಶದ ಕಟ್ಟುಕಥೆಗೆ ಇಷ್ಟು ಶ್ರಮವೇಕೆಂದು ಹಿರಿಯರು ಗೊಣಗುವುದುಂಟು. ಆಂಗ್ಲ ಕವಿತೆಗಳನ್ನು ಕನ್ನಡಕ್ಕೆ ತಂದು ನಮ್ಮ ಕಾವ್ಯಕ್ಕೆ ಹೊಸ ದಾರಿಯನ್ನು ತೆರೆದ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದುದು ನಮ್ಮ ತಾಲ್ಲೂಕಿನ ಸಂಪಿಗೆಯಲ್ಲಿಯೇ ಎಂಬುದನ್ನು ಅವರು ಜ್ಞಾಪಿಸಿಕೊಳ್ಳಬೇಕು. ಹೊರಗಿನ ಕಥೆಗೆ ಕನ್ನಡದ ಮಾತನ್ನು ಹುಡುಕುವ ಹುಡುಗರು ಕನ್ನಡದ ಕೆಲಸವನ್ನೇ ಮಾಡುತ್ತಿದ್ದಾರೆ.

ಇದಲ್ಲದೆ ಇನ್ನೊಂದು ಪ್ರಯೋಜನವುಂಟು. ಹೇಳಿದವರಾರು, ಎಲ್ಲಿ ಹೇಳಿದರು, ಕಂಡದ್ದೋ ಕೇಳಿದ್ದೋ ಊಹಿಸಿದ್ದೋ ಎಂದು ರಾಕ್ಷಸನ ರೆಕ್ಕೆಯ ವಿಷಯದಲ್ಲಿ ವಿಚಾರಿಸಲು ಕಲಿತವರು, ನಾಳೆ ನೆರೆಯವಳ ಶೀಲದ ಮೇಲಿನ ಮಾತು ಕಿವಿಗೆ ಬಿದ್ದಾಗಲೂ, ದಾಯಾದಿಗಳ ತೋಟದ ಬದುವಿನ ವ್ಯಾಜ್ಯ ಎದ್ದಾಗಲೂ ಹಾಗೆಯೇ ವಿಚಾರಿಸುವರು. ತಾಯಿತಂದೆಗಳು ಈ ಮಕ್ಕಳ ಆಟವನ್ನು ಹಳಿಯದೆ, ಸಂಜೆ ಒಂದು ಗಳಿಗೆ ಬಳಿ ಕುಳಿತು, “ಇದು ಯಾವ ಪುಸ್ತಕದಲ್ಲಿದೆ ಮಗು?” ಎಂದು ಕೇಳಲಿ. ಆ ಒಂದು ಪ್ರಶ್ನೆಯಲ್ಲಿ ಮೇಲಿನ ಕಟ್ಟಳೆಗಳು ಬಹುಮಟ್ಟಿಗೆ ಅಡಗಿವೆ.