ಸುಂದರಿ ಕಲಿತ ಲೆಕ್ಕ ಎಲ್ಲಿ ಹೋಯಿತು?

ಮುಂಬಯಿಯ ಕಾಲೇಜುಗಳಿಗೆ ಈಗ ಉದ್ಯಮಶೀಲತೆಯ ಹಬ್ಬದ ಸಂಭ್ರಮ. ಅಂಗಳದಲ್ಲಿ ಎರಡು ದಿನದ ಮಳಿಗೆಗಳು, ಯಶಸ್ವಿ ಉದ್ಯಮಿಯೊಬ್ಬರ ಭಾಷಣ, ಗೆದ್ದ ತಂಡಕ್ಕೆ ಫಲಕ, ದಾನಿಗಳಿಗೆ ಶಾಲು. ಜೈನ ಟ್ರಸ್ಟುಗಳು ನಡೆಸುವ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಮೂರನೆಯ ದಿನ ಮಳಿಗೆ ಕಳಚಿದ ಮೇಲೆ ಉಳಿಯುವುದು ಛಾಯಾಚಿತ್ರ ಮಾತ್ರ. ಇದಕ್ಕಿಂತ ಹೆಚ್ಚೇಕೆ ಬೇಕು, ವ್ಯಾಪಾರ ಜೈನರಿಗೆ ಹುಟ್ಟಿನಿಂದಲೇ ಬಂದದ್ದಲ್ಲವೇ ಎಂಬ ಹೆಮ್ಮೆಯ ಮಾತು ಆಡಳಿತ ಮಂಡಳಿಗಳಲ್ಲಿ ಸುಲಭವಾಗಿ ಕೇಳಿಬರುತ್ತದೆ.

ಹುಟ್ಟಿನಿಂದ ಬಂದದ್ದು ಯಾರಿಗೆ? ಝವೇರಿ ಬಜಾರಿನ ಗಾದಿಯಲ್ಲಿ ಅಜ್ಜನ ಪಕ್ಕ ಕುಳಿತು ಜಮಾ-ಖರ್ಚು ಕಲಿತ ಮೊಮ್ಮಗನಿಗೆ, ನಿಜ. ಅದೇ ಮನೆಯ ಮೊಮ್ಮಗಳಿಗೆ ಆ ಗಾದಿಯಲ್ಲಿ ಜಾಗವಿಲ್ಲ. ಚಿಕ್ಕೋಡಿ, ಅಥಣಿ, ರಾಯಬಾಗಗಳಿಂದ ಓದಲು ಬಂದು ವಸತಿಗೃಹದಲ್ಲಿ ಉಳಿದ ಕನ್ನಡದ ಜೈನ ರೈತನ ಮಗನಿಗಂತೂ ಗಾದಿಯೇ ಇಲ್ಲ. ಜಂಬದ ಮಾತಿನಲ್ಲಿ ಈ ಇಬ್ಬರೂ ಲೆಕ್ಕಕ್ಕೆ ಬರುವುದಿಲ್ಲ.

2001ರ ಜನಗಣತಿ ಈ ಸಮಾಜದ ಮುಂದೆ ಹಿಡಿದ ಕನ್ನಡಿಯನ್ನು ಇಂದಿಗೂ ಯಾರೂ ನೆಟ್ಟಗೆ ನೋಡಿದಂತಿಲ್ಲ. ಜೈನ ಮಹಿಳೆಯರ ಸಾಕ್ಷರತೆ ಶೇ. 90.6, ದೇಶದ ಪ್ರಮುಖ ಧಾರ್ಮಿಕ ಸಮುದಾಯಗಳಲ್ಲೆಲ್ಲ ಅತಿ ಹೆಚ್ಚು. ದುಡಿಯುವವರೆಂದು ದಾಖಲಾದ ಜೈನ ಮಹಿಳೆಯರ ಪ್ರಮಾಣ ಶೇ. 9.2; ಅದೇ ಸಮುದಾಯಗಳಲ್ಲಿ ಅತಿ ಕಡಿಮೆ. ಮೊದಲ ಅಂಕಿಯನ್ನು ಸಭೆಗಳಲ್ಲಿ ಓದುತ್ತಾರೆ, ಎರಡನೆಯದನ್ನು ಮಡಿಚಿ ಇಡುತ್ತಾರೆ. ಮನೆಯ ವ್ಯವಹಾರದಲ್ಲಿ ಹೆಣ್ಣುಮಕ್ಕಳು ಮಾಡುವ ಕೆಲಸ ಗಣತಿದಾರನ ಕಣ್ಣಿಗೆ ಬೀಳುವುದಿಲ್ಲ ಎಂಬ ಸಮಜಾಯಿಷಿ ಉಂಟು. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಗಣತಿದಾರನಿಗೆ ಕಾಣದ್ದು ಮನೆಯ ಯಜಮಾನನ ಖಾತೆ ಪುಸ್ತಕದಲ್ಲಾದರೂ ಕಾಣಬೇಕಲ್ಲ! ಎಷ್ಟು ಪೇಢಿಗಳ ಪುಸ್ತಕದಲ್ಲಿ ಮಗಳ ಹೆಸರಿನ ಎದುರು ಸಂಬಳ ಬರೆದಿದೆ?

ಆದಿಪುರಾಣವನ್ನು ಭಕ್ತಿಯಿಂದ ಕೇಳುವ ಸಮಾಜವಿದು. ವೃಷಭದೇವ ಅಕ್ಷರವನ್ನು ಮಗಳು ಬ್ರಾಹ್ಮಿಗೆ, ಅಂಕೆಯನ್ನು ಮಗಳು ಸುಂದರಿಗೆ ಕಲಿಸಿದನೆಂದು ಆ ಕಥೆ ಹೇಳುತ್ತದೆ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಲೋಕಕ್ಕೆ ತೋರಿದವನೂ ಅವನೇ. ಲೆಕ್ಕ ಮೊದಲು ಮಗಳ ಕೈಗೆ ಬಂದಿತ್ತು. ಇಂದು ಬಿ.ಕಾಂ. ಮುಗಿಸಿದ ಮಗಳ ಪದವಿಪತ್ರ ವರನ ಕಡೆಯವರಿಗೆ ಕಳುಹಿಸುವ ಪರಿಚಯಪತ್ರದ ಒಂದು ಸಾಲಾಗಿ ಮುಗಿಯುತ್ತದೆ.

ಕಾಲೇಜು ಮೆಟ್ಟಿಲನ್ನೇ ಹತ್ತದ ಹೆಂಗಸರು ಇದೇ ನಗರದಲ್ಲಿ ಏನು ಮಾಡಿದರೆಂಬುದು ಗುಟ್ಟಲ್ಲ. 1959ರ ಮಾರ್ಚ್ 15ರಂದು ಗಿರಗಾಂವದ ಕಟ್ಟಡವೊಂದರ ಮಾಳಿಗೆಯ ಮೇಲೆ ಏಳು ಮಂದಿ ಗುಜರಾತಿ ಗೃಹಿಣಿಯರು 80 ರೂಪಾಯಿ ಸಾಲದ ಬಂಡವಾಳದಿಂದ ಹಪ್ಪಳ ಲಟ್ಟಿಸಲು ಕುಳಿತರು. ಅದೇ ಲಿಜ್ಜತ್. ಅವರು ಪಡೆದದ್ದು ಸಾಲ. ನಷ್ಟವಾದರೂ ಯಾರ ಮುಂದೆಯೂ ದಾನಕ್ಕೆ ಕೈಯೊಡ್ಡಬಾರದೆಂಬುದು ಮೊದಲಿನಿಂದಲೂ ಅವರ ನಿಯಮ. ಲಟ್ಟಿಸಿದವಳೇ ಒಡತಿ. ಉದ್ಯಮಶೀಲತೆಯ ಹಬ್ಬಕ್ಕೆ ಅತಿಥಿಗಳನ್ನು ಹುಡುಕುವವರಿಗೆ ಈ ಮಾಳಿಗೆಯ ಇತಿಹಾಸ ನೆನಪಾಗುವುದೇ ಅಪರೂಪ. ಬಹುಶಃ ಹಪ್ಪಳಕ್ಕೆ 'ಸ್ಟಾರ್ಟ್‌ಅಪ್' ಎಂಬ ಹೆಸರು ಒಪ್ಪುವುದಿಲ್ಲವೇನೋ.

ಗಂಡುಮಕ್ಕಳ ಮಾತಿಗೆ ಬಂದರೆ ಎಲ್ಲರ ಬಾಯಲ್ಲೂ ವಾಲಚಂದ್ ಹಿರಾಚಂದ್. ಸೋಲಾಪುರದ ದಿಗಂಬರ ಜೈನ ಮನೆತನದ ಅವರು 1919ರಲ್ಲಿ ಸಿಂಧಿಯಾ ಹಡಗು ಕಂಪನಿಗೆ, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಕಾರಣರಾದವರು. ಭಾಷಣಕಾರರು ಹಡಗನ್ನೂ ವಿಮಾನವನ್ನೂ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಮನೆಯ ಹಳೆಯ ವ್ಯಾಪಾರವನ್ನು ಬಿಟ್ಟು, ರೈಲ್ವೆ ಗುಮಾಸ್ತನಾಗಿದ್ದ ಲಕ್ಷ್ಮಣರಾವ್ ಫಾಟಕರೆಂಬ ಜೈನೇತರರೊಡನೆ ಪಾಲುದಾರಿಕೆ ಮಾಡಿ ಅವರು ಗುತ್ತಿಗೆದಾರರಾದರೆಂಬ ಸಂಗತಿಯನ್ನು ಮಾತ್ರ ಬಿಟ್ಟುಬಿಡುತ್ತಾರೆ. ನೆಂಟರಾಚೆಗೆ ನಂಬಿಕೆ ಇಡಲಾರದವರಿಗೆ ಅದು ಇರುಸುಮುರುಸಿನ ಭಾಗ.

ಇನ್ನೊಬ್ಬ ಜೈನನ ಹೆಸರು ಇಲ್ಲಿ ಹೆಚ್ಚು ಸಲ್ಲುತ್ತದೆ: ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲ. 1919ರಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಅವರು ಸಾತಾರೆಯ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. 1947ರಲ್ಲಿ ಅಲ್ಲೇ ತೆರೆದ ಶಿವಾಜಿ ಕಾಲೇಜಿನಲ್ಲಿ 'ಗಳಿಸುತ್ತ ಕಲಿ' ಎಂಬುದನ್ನು ನಡೆಸಿ ತೋರಿಸಿದರು. ವಿದ್ಯಾರ್ಥಿ ದುಡಿದ, ದುಡಿಮೆಗೆ ಬೆಲೆ ಸಿಕ್ಕಿತು, ಆ ಬೆಲೆಯಿಂದ ಓದಿದ. ವಾಶಿಯಲ್ಲಿ ಅವರ ಹೆಸರಿನ ಕಾಲೇಜಿದೆ. ಜೈನ ಟ್ರಸ್ಟುಗಳ ಕಚೇರಿಗಳಲ್ಲಿ ಅವರ ಭಾವಚಿತ್ರ ತೂಗಿದರೆ ಸಾಲದು. ಅವರ ಪದ್ಧತಿ ಕಾಲಿಡಬೇಕು.

ಹೊಸ ಶಿಕ್ಷಣ ನೀತಿ ಕೆಲಸದ ತರಬೇತಿಗೆ ಅಂಕ ಕೊಡುತ್ತದೆ. ಸರ್ಕಾರ ನಿಯಮ ಬರೆದು ಕೈತೊಳೆದುಕೊಂಡಿದೆ. ತರಬೇತಿ ನಡೆಯಿತೋ ಇಲ್ಲವೋ ಎಂದು ನೋಡುವವರಾರು? ಚಿಕ್ಕಪ್ಪನ ಅಂಗಡಿಯ ಮೊಹರು ಒತ್ತಿದ ಪ್ರಮಾಣಪತ್ರವೂ ಅಂಕ ತರಬಲ್ಲುದು. ಚಿಕ್ಕಪ್ಪನೂ ಅಂಗಡಿಯೂ ಇಲ್ಲದ ಅಥಣಿಯ ಹುಡುಗ ಬಾಗಿಲು ತಟ್ಟುತ್ತ ತಿರುಗಬೇಕು. ಇದನ್ನು ಸರಿಪಡಿಸಲು ಮಂತ್ರಾಲಯದ ಆದೇಶಕ್ಕೆ ಕಾಯಬೇಕಾಗಿಲ್ಲ. ಟ್ರಸ್ಟಿಗಳ ಅಂಗಡಿ, ಕಾರ್ಖಾನೆ, ಲೆಕ್ಕಪರಿಶೋಧನೆಯ ಕಚೇರಿಗಳು ಇದೇ ನಗರದಲ್ಲಿವೆ. ಅಲ್ಲಿ ನೆಂಟರಲ್ಲದ ವಿದ್ಯಾರ್ಥಿಗಳಿಗೆ, ಅರ್ಧದಷ್ಟಾದರೂ ಹೆಣ್ಣುಮಕ್ಕಳಿಗೆ, ಸಂಬಳ ಕೊಟ್ಟು ಕೆಲಸ ಕಲಿಸಲಿ. ವ್ಯಾಪಾರ ಹೂಡುವೆನೆಂಬ ವಿದ್ಯಾರ್ಥಿನಿಗೆ ಫಲಕದ ಬದಲು ಸಣ್ಣ ಸಾಲ ಕೊಡಲಿ, ಗಡುವು ಹಾಕಿ ವಾಪಸು ಕೇಳಲಿ. ಸೋತರೆ ಪುಸ್ತಕ ತೆರೆದು ಎಲ್ಲಿ ತಪ್ಪಿತೆಂದು ಅವಳ ಜೊತೆ ಕುಳಿತು ನೋಡಲಿ.

ಹಣವಿಲ್ಲವೆಂಬ ನೆಪ ಮುಂಬಯಿಯಲ್ಲಿ ನಡೆಯದು. ಕಲಶದ ಸವಾಲಿಗೆ, ಪರ್ಯೂಷಣದಲ್ಲಿ ಸ್ವಪ್ನಗಳ ಬೋಲಿಗೆ ಯಾವ ಮೊತ್ತ ಏರುತ್ತದೆಂದು ಸಭೆಯಲ್ಲಿ ಕೂತವರೆಲ್ಲ ಬಲ್ಲರು. ಮುಂದಿನ ವರ್ಷ ಆ ಮೊತ್ತಗಳನ್ನು ಸಾರುವ ಧ್ವನಿವರ್ಧಕದಲ್ಲೇ ಇನ್ನೊಂದು ಪಟ್ಟಿಯನ್ನೂ ಓದಲಿ: ಎಷ್ಟು ವಿದ್ಯಾರ್ಥಿನಿಯರು ಸಂಬಳ ಪಡೆದರು, ಎಷ್ಟು ಮಂದಿ ಸಾಲ ತೀರಿಸಿದರು, ಯಾವ ಟ್ರಸ್ಟಿಯ ಬಾಗಿಲು ಮುಚ್ಚಿಯೇ ಇತ್ತು.